ಜಂತು ಬಂದ ದಾರಿ

"ಕಾಕಿ, ಆ ಕುರಿಯೋರ ನಾಯಿನ ಹಿಡ್ಕೊಂಡು ಹೋಗಾಕ ನಾಳೆ ವ್ಯಾನ್ ಬರ್ತದ. ನಮ್ಮ ಲಾವಣ್ಯಾಗ ಜಂತು ಹತ್ತಿದ್ದು ಅದರಿಂದೇ!" ಎನ್ನುತ್ತ ಪಕ್ಕದ ಮನೆಯ ಅನಿಲಕುಮಾರ ನನ್ನ ಹೆಂಡತಿಯ ಹತ್ತಿರ ಬಂದ. ಅವನ ಬೆನ್ನಿಗೇ ಮೋನಮ್ಮ ಅಳುತ್ತ ಬಂದಳು. ಸಿರ್ಗಾಪುರದಿಂದ ಕುರಿ ಹೊಡೆದುಕೊಂಡು ಬಂದ ಅವಳು, ಜಹೀರಾಬಾದಿನ ನಮ್ಮ ಕಾಲೊನಿಯ ಪಾರ್ಕಿನ ಪಕ್ಕ ಹೋದ ವಾರವಷ್ಟೇ ಬೀಡುಬಿಟ್ಟಿದ್ದಳು. "ನಾಯಿ ಹೋದ್ರ ತೋಳ ನನ್ನ ಕುರಿ ಉಳಸಂಗಿಲ್ರಿ" ಎಂದಳು.

ನನ್ನ ಹೆಂಡತಿ ಪ್ರೇಮಲಾ ಆಸ್ಪತ್ರೆಯ ಲ್ಯಾಬಿನಿಂದ ರಿಟೈರಾದ ಮೇಲೆ ಕಾಲೊನಿಯ ಪತ್ತೇದಾರಿಕೆಯೆಲ್ಲ ಅವಳದೇ. ಚೀಲ ಹಿಡಿದು ಹಿಂದೆ ಹೋಗುವವನು ನಾನು.

ಕುರಿಗಳು ಬಂದ ಮರುದಿನವೇ ಅನಿಲನ ಪುಟ್ಟ ಮಗಳು ಲಾವಣ್ಯಳಿಗೆ ಜ್ವರ, ಕೆಮ್ಮು. ನಾಯಿಯ ಹೊಟ್ಟೆಯ ಜಂತುವಿನ ಮೊಟ್ಟೆ ಬಾಯಿಂದ ಒಳಗೆ ಹೋಗಿದೆ ಎಂದರಂತೆ ಡಾಕ್ಟರು. ಆದರೆ ಲಾವಣ್ಯ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಿಂಗಳ ಮೇಲಾಗಿತ್ತು, ಹೊಸ್ತಿಲು ದಾಟಿರಲಿಲ್ಲ. ಮನೆಯಲ್ಲಿ ನಾಯಿಯಿಲ್ಲ, ನೀರು ಕಾಯಿಸಿಯೇ ಕುಡಿಯುತ್ತಾರೆ, ಚಪ್ಪಲಿ ಹೊರಗೇ ಬಿಡುತ್ತಾರೆ. ನನಗಂತೂ ತಲೆ ಕೆಟ್ಟುಹೋಯಿತು. ನನ್ನ ಸಂಶಯದಿಂದ ಪಾರಾದದ್ದು ಗೋಡೆಯ ಮೇಲಿನ ಹಲ್ಲಿ ಮಾತ್ರ.

ಪ್ರೇಮಲಾ ಆ ಮುಂಜಾನೆಯೇ ಅನಿಲನ ಮನೆಯನ್ನೆಲ್ಲ ನೋಡಿದಳು. ಅನಿಲನ ತಾಯಿ ರುಕ್ಮಿಣಿಬಾಯಿಯ ಸೀರೆಯ ಅಂಚು ಒದ್ದೆಯಾಗಿತ್ತು. ಅಡುಗೆಮನೆಯ ಕುಟ್ಟುವ ಕಲ್ಬತ್ತಿನಲ್ಲಿ ಹಸಿರು ಚರಟವಿತ್ತು. ಕೊತ್ತಂಬರಿ ಚಟ್ನಿ ಅಂದುಕೊಂಡೆ, ಹಸಿವೂ ಆಯಿತು. ಆಮೇಲೆ ಪಾರ್ಕಿಗೆ ಹೋದೆವು. ಹುಲ್ಲಿನ ತುಂಬ ನಾಯಿಗಳ ಹಳೆಯ ಹೊಲಸು, ಒಂದು ಮೂಲೆಯಲ್ಲಿ ಕೈಯಿಂದ ಚಿವುಟಿದ ಗರಿಕೆ. ನನಗೆ ಇನ್ನಷ್ಟು ಗೊಂದಲವಾಯಿತು.

ಸಂಜೆ ಪ್ರೇಮಲಾ ಎಲ್ಲರನ್ನೂ ಅನಿಲನ ಪಡಸಾಲೆಯಲ್ಲಿ ಸೇರಿಸಿದಳು.

"ಈ ಮೊಟ್ಟಿ ಮಣ್ಣಾಗ ವಾರಗಟ್ಟಲೆ ಇದ್ದ ಮ್ಯಾಲೇ ಮನಷ್ಯಾರಿಗೆ ಹತ್ತೋದು. ಮೋನಮ್ಮನ ನಾಯಿ ಮೊನ್ನೆ ಮೊನ್ನೆ ಬಂದದ. ಅದರದಲ್ಲ."

"ಹಂಗಾರ ಯಾರ ನಾಯಿ, ಕಾಕಿ?"

"ನಮ್ಮ ಕಾಲೊನಿ ನಾಯಿಗಳದೇ. ಹೊಲಸು ನಾವ್ಯಾರೂ ಎತ್ತಲಿಲ್ಲ. ಅದು ಒಣಗಿದ್ರೂ ಮೊಟ್ಟಿ ಮಣ್ಣಾಗ ಉಳೀತಾವ."

"ಮನಿಯೊಳಗ ಹ್ಯಾಂಗ ಬಂತು?"

ಪ್ರೇಮಲಾ ಮೆಲ್ಲಗೆ ಕೇಳಿದಳು: "ರುಕ್ಮಿಣಕ್ಕಾ, ಕೂಸಿಗಿ ಮುಂಜಾನೆ ಏನು ಕುಡಸ್ತೀರಿ?"

"ಗರಿಕಿ ರಸ. ಎಲುಬು ಲಗೂ ಕೂಡ್ಲಿ ಅಂತ. ಪಾರ್ಕಿಂದ ದಿನಾ ಕಿತ್ತು ತರ್ತೀನಿ."

"ತೊಳೀತೀರೇನು?"

"ತೊಳದ್ರ ಇಬ್ಬನಿ ಹೋಗ್ತದಲ್ಲಾ! ಗುಣ ಇರೋದೇ ಅದರಾಗ."

ಅನಿಲ ಎದ್ದು ಫೋನು ಮಾಡಿ ವ್ಯಾನು ಬೇಡವೆಂದ.

"ಗುಳಿಗಿ ಕೊಟ್ಟಾರ, ಆರಾಮ ಆಗ್ತಾಳ" ಎಂದಳು ಪ್ರೇಮಲಾ. ರುಕ್ಮಿಣಿಬಾಯಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಒಳಗಿಂದ ಲಾವಣ್ಯ ಅಜ್ಜಿಯನ್ನು "ಆಯೀ" ಎಂದು ಕೂಗಿದಳು. "ಕೈ ತೊಳಕೊಂಡು ಬರ್ತೀನಿ, ಕೂಸೇ" ಎಂದು ಅವರು ಬಚ್ಚಲಿಗೆ ಹೋದರು. ನೀರಿನ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಕೊನೆಗೆ ಮೋನಮ್ಮನೇ ಎದ್ದು ಹೋಗಿ ನಲ್ಲಿ ಬಂದ್ ಮಾಡಿದಳು, ಅವರ ಕೈ ಹಿಡಿದು ಮೊಮ್ಮಗಳ ಹತ್ತಿರ ಕರೆದುಕೊಂಡು ಹೋದಳು.