ಒಬ್ಬಳೇ ಇರುವಾಗಿನ ಅಳತೆ

ಕದಿರೇಶ್ ಮೊದಲ ಸಲ ನನ್ನ ಅಂಗಡಿಗೆ ಬಂದ ದಿನವೇ ನಾನು ಅವರಿಗೆ ಸುಳ್ಳು ಹೇಳಿದೆ. ಬಾಯಿ ಬಿಟ್ಟು ಹೇಳಿದ್ದಲ್ಲ, ಕುರ್ಚಿಯ ಮೇಲೆ ಕೂತು ಹೇಳಿದ್ದು.

ಶ್ರೀನಿವಾಸಪುರದ ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ನನ್ನದು ನಾಲ್ಕನೇ ಅಂಗಡಿ. ಕ್ರಯಪತ್ರ, ವಿಭಾಗಪತ್ರ, ಉಯಿಲು, ಮದುವೆ ನೋಂದಣಿ ಅರ್ಜಿ, ಹೀಗೆ ಹದಿನಾರು ವರ್ಷದಿಂದ ಊರವರ ಬಾಳನ್ನೆಲ್ಲ ಟೈಪ್ ಮಾಡಿಕೊಟ್ಟಿದ್ದೇನೆ. ಈ ಯುಗಾದಿ ಕಳೆದ ಮೇಲೆ ನನ್ನ ಬೆರಳುಗಳು ಮುನಿಸಿಕೊಂಡವು. ಮೊದಲು ಜುಮ್ಮೆನ್ನುತ್ತಿದ್ದವು. ಆಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸೆಳೆತ ಶುರುವಾಯಿತು. ಕೊನೆಗೆ ಬೆಳಿಗ್ಗೆ ಎದ್ದು ಜಡೆ ಹೆಣೆದುಕೊಳ್ಳುವುದೂ ಕಷ್ಟವಾಯಿತು.

"ಕೀಬೋರ್ಡು ಮೇಜಿನ ಮೇಲಿಟ್ಟು ಕೈ ಎತ್ತಿಕೊಂಡು ಹೊಡೀತಿದೀರಿ," ಅಂದರು ಕೋಲಾರದ ಡಾಕ್ಟರು. "ಮೇಜಿನ ಕೆಳಗೆ ಒಂದು ಟ್ರೇ ಹಾಕಿಸಿ. ಮೊಣಕೈ ಮಟ್ಟಕ್ಕಿರಬೇಕು, ಮಣಿಕಟ್ಟು ಮೇಲಕ್ಕೆ ಮಡಚಬಾರದು. ಆರು ವಾರ ನೋಡೋಣ. ಕಮ್ಮಿ ಆಗ್ಲಿಲ್ಲ ಅಂದ್ರೆ ಟೈಪಿಂಗ್ ಬಿಡಬೇಕಾಗುತ್ತೆ."

ಮಾಲೂರಿನಲ್ಲಿರುವ ಅಣ್ಣ ಅಮರನಾಥನಿಗೆ ಫೋನ್ ಮಾಡಿದೆ. "ಆರು ವಾರ ಯಾಕಮ್ಮಾ ಒದ್ದಾಡ್ತೀಯ? ಅಂಗಡಿ ಮುಚ್ಚಿ ಬಂದ್ಬಿಡು. ಇಲ್ಲಿ ಒಂದು ರೂಮು ಖಾಲಿ ಇದೆ, ನಿಮ್ಮತ್ತಿಗೆಗೂ ಜೊತೆಯಾಗುತ್ತೆ," ಅಂದ. ಅಣ್ಣ ಒಳ್ಳೆಯವನು, ಕಷ್ಟವಿರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಜಗಳವಾಡಿ ಉಳಿಯಬಹುದಿತ್ತು. ಮೂವತ್ತೆಂಟನೇ ವಯಸ್ಸಿನಲ್ಲಿ, ಮದುವೆಯಿಲ್ಲದೆ, ನನ್ನದು ಅಂತ ನನಗಿದ್ದದ್ದು ಆ ಮೇಜೊಂದೇ. ಟ್ರೇ ಹಾಕಿಸಿದ ಮೇಲೆ ಆರು ವಾರ ಕೊಡಣ್ಣ ಎಂದು ಕೇಳಿಕೊಂಡೆ. ಕಮ್ಮಿ ಆಗದಿದ್ದರೆ ಆರನೇ ವಾರದ ಭಾನುವಾರ ಟೆಂಪೋ ತರ್ತೀನಿ ಅಂದ.

ಮೊದಲು ಫೋನಿನಲ್ಲಿ ನೋಡಿ ಒಂದು ಟ್ರೇ ತರಿಸಿದೆ. ಮೇಜಿನ ಅಂಚಿಗೆ ಕಚ್ಚಿಸಿ ತಿರುಪು ಬಿಗಿಯುವಂಥದ್ದು. ನನ್ನ ಮೇಜು ಅಪ್ಪನ ಕಾಲದ್ದು, ಹಲಗೆ ಎರಡು ಬೆರಳು ದಪ್ಪ. ಅದನ್ನು ಕಚ್ಚುವಷ್ಟು ಬಾಯಿ ಆ ಟ್ರೇಗೆ ಇರಲಿಲ್ಲ. ವಾಪಸ್ ಕಳಿಸಿದೆ. ಇನ್ನೊಂದು ನೋಡಿದರೆ ಅದರಲ್ಲಿ ಮೌಸಿಗೆ ಜಾಗವಿಲ್ಲ. ಮತ್ತೊಂದು ಎತ್ತರ ಬದಲಾಯಿಸಲು ಬಾರದ್ದು.

"ಏಮಮ್ಮಾ ರಜನಿ, ಫೋನಲ್ಲಿ ಎಷ್ಟು ಅಂತ ಹುಡುಕ್ತೀಯ?" ಅಂದರು ಪಕ್ಕದ ಜೆರಾಕ್ಸ್ ಅಂಗಡಿಯ ಶ್ಯಾಮಲಮ್ಮ. "ಯಲ್ದೂರು ಬಡಗಿ ಕದಿರೇಶನ್ನ ಕರೆಸ್ತೀನಿ ಇರು. ಮಾವಿನ ಸೀಜನ್ ಮುಗೀತು, ಪೆಟ್ಟಿಗೆ ಹೊಡೆಯೋ ಕೆಲಸ ಇಲ್ಲ ಅವನಿಗೆ. ಮಾತು ಕಮ್ಮಿ, ಕೆಲಸ ನೀಟು."

ಮಾತು ನಿಜಕ್ಕೂ ಕಮ್ಮಿಯೇ. ಎಡಗೈ ಮೇಲೆ ಟವಲು ಇಳಿಬಿಟ್ಟುಕೊಂಡು ಬಂದರು. ಮಂಡಿಯೂರಿ ಮೇಜಿನ ಕೆಳಗೆ ನೋಡಿದರು. ಎಷ್ಟು ಹೊತ್ತು ಟೈಪ್ ಮಾಡ್ತೀರಿ, ಮೌಸು ಯಾವ ಕೈಲಿ ಹಿಡೀತೀರಿ, ಕಾಗದ ಯಾವ ಕಡೆ ಇಟ್ಕೋತೀರಿ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಪ್ರಶ್ನೆ ಕೇಳಿರಲಿಲ್ಲ.

"ಕೂತ್ಕೊಳ್ಳಿ ಮೇಡಂ. ದಿನಾ ಹೇಗೆ ಕೂರ್ತೀರೋ ಹಾಗೆ."

ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲು ಇಳಿಬಿಟ್ಟು ಕೂತೆ. ನಾನು ಕುಳ್ಳಿ, ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತದೆ. ಅವರು ಟೇಪು ಹಿಡಿದು, ನನ್ನ ಮೊಣಕೈಗೆ ಒಂದು ನೂಲಿನಷ್ಟು ದೂರದಲ್ಲಿ ನಿಲ್ಲಿಸಿ, ಅಳತೆ ಬರೆದುಕೊಂಡರು.

ನಾನು ದಿನಾ ಹಾಗೆ ಕೂರುವುದೇ ಇಲ್ಲ. ಒಬ್ಬಳೇ ಇರುವಾಗ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ, ಚಿಕ್ಕಂದಿನಲ್ಲಿ ನೆಲದ ಮೇಲೆ ಕೂತು ಬರೆಯುತ್ತಿದ್ದ ಹಾಗೆ. ಮೆಟ್ಟಿಲ ಹತ್ತಿರ ಯಾರದಾದರೂ ಚಪ್ಪಲಿ ಸದ್ದಾದರೆ ತಕ್ಷಣ ಕಾಲು ಇಳಿಸುತ್ತೇನೆ. ಗಂಡಸರ ಎದುರಿಗೆ ಕುರ್ಚಿ ಮೇಲೆ ಕಾಲು ಮಡಚಿ ಕೂತರೆ ಅಮ್ಮ ತೊಡೆ ಚಿವುಟುತ್ತಿದ್ದಳು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಆ ಚಿವುಟು ಇನ್ನೂ ಹೋಗಿಲ್ಲ.

ನಾಲ್ಕು ದಿನದಲ್ಲಿ ಟ್ರೇ ಬಂತು. ಡ್ರಾಯರಿಗೆ ಹಾಕುವ ಚಾನೆಲ್ ಮೇಲೆ ಸದ್ದಿಲ್ಲದೆ ಜಾರುತ್ತಿತ್ತು, ಮೌಸಿಗೆ ಬಲಕ್ಕೆ ಜಾಗವಿತ್ತು, ಅಂಚನ್ನು ಉಜ್ಜಿ ದುಂಡಗೆ ಮಾಡಿದ್ದರು. ಅವರ ಮುಂದೆ ಕಾಲು ಇಳಿಬಿಟ್ಟು ಕೂತು ಕೈಯಿಟ್ಟರೆ ಹೇಳಿ ಮಾಡಿಸಿದಂತಿತ್ತು. ಅವರು ಹೋದ ಮೇಲೆ ಕಾಲು ಮಡಚಿದೆ, ಮಂಡಿ ಎರಡೂ ಟ್ರೇ ತೂಗುಹಾಕಿದ್ದ ಪಕ್ಕದ ಪಟ್ಟಿಗಳಿಗೆ ಬಡಿದವು. ಕುರ್ಚಿ ಹಿಂದಕ್ಕೆ ತಳ್ಳಿ ಕೈ ಚಾಚಿಕೊಂಡು ಟೈಪ್ ಮಾಡಿದೆ. ವಾರದಲ್ಲಿ ನೋವು ಭುಜಕ್ಕೇರಿತು.

"ನೋವಿದೆಯಾ?" ಎಂದು ಕೇಳಲು ಕದಿರೇಶ್ ಬಂದರು.

"ಇಲ್ಲ."

ಶ್ಯಾಮಲಮ್ಮ ಬಾಗಿಲಲ್ಲೇ ನಿಂತಿದ್ದರು. "ಸುಳ್ಳು. ಬೆಳಿಗ್ಗೆ ನನ್ನ ಹತ್ರ ಬಂದು ಮುಲಾಮು ತಿಕ್ಕಿಸ್ಕೊಂಡ್ಳು."

ಕದಿರೇಶ್ ತಿರುಪು ಬಿಚ್ಚಿ ಟ್ರೇಯನ್ನು ಅರ್ಧ ಇಂಚು ತಗ್ಗಿಸಿದರು. ಮುಂದಿನ ವಾರ ಬಂದು ಕೊಂಚ ಆಚೆಗೆ ಓರೆ ಮಾಡಿದರು. ಅದರ ಮುಂದಿನ ವಾರ ಮೌಸಿನ ಹಲಗೆಯನ್ನು ಹತ್ತಿರಕ್ಕೆ ತಂದರು. "ನಿನ್ನ ಟ್ರೇ ರಿಪೇರಿ ಈ ಜನ್ಮದಲ್ಲಿ ಮುಗಿಯುತ್ತೇನಮ್ಮಾ?" ಎಂದು ಶ್ಯಾಮಲಮ್ಮ ಕಣ್ಣು ಮಿಟುಕಿಸಿದರು. ನನ್ನ ಮುಖ ಬಿಸಿಯಾಯಿತು. ಮಂಗಳವಾರ ಕದಿರೇಶ್ ಬರುವ ದಿನ, ನಾನು ಸೋಮವಾರವೇ ಅಂಗಡಿ ಗುಡಿಸಿಟ್ಟುಕೊಳ್ಳುತ್ತಿದ್ದೆ.

ಅವರು ನನಗೆ ಇಷ್ಟವಾಗಿದ್ದರು, ಅದರಲ್ಲಿ ಮುಚ್ಚುಮರೆ ಯಾಕೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆಯುವ ಮೊದಲು ಒಂದು ಗಳಿಗೆ ನನ್ನ ಕಡೆ ನೋಡುತ್ತಿದ್ದರು. ನಾನು ಪರದೆ ನೋಡುತ್ತಿರುವಂತೆ ನಟಿಸುತ್ತಿದ್ದೆ. ಆ ಹೊತ್ತಿನಲ್ಲಿ ಟೈಪ್ ಮಾಡಿದ ಪತ್ರಗಳಲ್ಲಿ ತಪ್ಪುಗಳು ಜಾಸ್ತಿ.

ನಾಲ್ಕನೇ ಸಲ ಬಂದಾಗ ಟವಲು ಜಾರಿ ಬಿತ್ತು. ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ನಾನು ನೋಡಿದ್ದನ್ನು ಅವರು ನೋಡಿದರು.

"ಹಿಂದೆ ಮರದ ಮಿಲ್ಲಲ್ಲಿದ್ದೆ," ಅಂದರು. "ಅವತ್ತು ಜ್ವರ ಇತ್ತು. ಹೆಂಗಿದೀಯಲಾ ಅಂತ ಮೇಸ್ತ್ರಿ ಕೇಳಿದ. ಆರಾಮಾಗಿದೀನಿ ಅಂದೆ. ಮಿಷನ್ ಮುಂದೆ ತಲೆ ತಿರುಗ್ತು." ಟವಲು ಎತ್ತಿಕೊಂಡರು. "ಅದಕ್ಕೇ ಮೇಡಂ, ಸುಮ್ನೆ ಕೇಳ್ತಿಲ್ಲ ನಾನು. ನೋವಿದೆಯಾ?"

ಆಗ ನಿಜ ಹೇಳಬೇಕಿತ್ತು. ಆದರೆ ಏನಂತ ಹೇಳುವುದು? ಇಷ್ಟು ದಿನ ನೀವು ಬಗ್ಗಿ ಬಗ್ಗಿ ತೆಗೆದ ಅಳತೆಯೆಲ್ಲ ನಾನು ಕೊಟ್ಟ ಸುಳ್ಳು ಎಂದೇ?

"ಇಲ್ಲ," ಅಂದೆ.

ಅವರು ತಲೆಯಾಡಿಸಿ ಹೊರಟರು. ಮುಂದಿನ ಮಂಗಳವಾರ ಬರಲಿಲ್ಲ.

ಆರನೇ ವಾರದ ಶುಕ್ರವಾರ ಬಲಗೈಯಲ್ಲಿ ನೀರಿನ ಲೋಟ ನಿಲ್ಲಲಿಲ್ಲ. ಟೆಂಪೋ ತಗೊಂಡು ಬಾ ಎಂದು ಅಣ್ಣನಿಗೆ ಹೇಳಿದೆ. ಶ್ಯಾಮಲಮ್ಮ ಮೂಗು ಒರೆಸಿಕೊಳ್ಳುತ್ತಾ ಯಾರಿಗೋ ಫೋನ್ ಮಾಡಿದರು.

ಶನಿವಾರ ಬೆಳಿಗ್ಗೆ ಕದಿರೇಶ್ ಬಂದರು. "ಟ್ರೇ ಬಿಚ್ಚಿಕೊಡ್ತೀನಿ. ಮೇಜು ಸಾಗಿಸೋವಾಗ ಅದು ಮುರಿಯುತ್ತೆ." ಆಮೇಲೆ ಮೆಲ್ಲಗೆ ಅಂದರು, "ನನ್ನ ಕೈಲಿ ಆಗ್ಲಿಲ್ಲ ಮೇಡಂ. ಇಪ್ಪತ್ತು ವರ್ಷ ಮರ ಕೊಯ್ದೆ, ನಿಮಗೊಂದು ಹಲಗೆ ಸರಿ ಕೂರಿಸೋಕೆ ಆಗ್ಲಿಲ್ಲ."

ಅದು ನನ್ನ ಎದೆಗೆ ನಾಟಿತು.

ಅವರು ಟ್ರೇ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದರು. ಪಕ್ಕದ ಪಟ್ಟಿಗಳ ಒಳಮೈ ಮೇಲೆ ಬೆರಳಾಡಿಸಿದರು. ಎರಡೂ ಕಡೆ ಪಾಲಿಶ್ ಉಜ್ಜಿ ಹೋಗಿತ್ತು, ಒಂದು ಕಡೆ ನನ್ನ ಸೀರೆಯ ನೀಲಿ ಎಳೆ ಸಿಕ್ಕಿಕೊಂಡಿತ್ತು. ಆಮೇಲೆ ತಿರುಗಿ ನನ್ನ ಕುರ್ಚಿ ನೋಡಿದರು. ಕೂರುವ ಹಲಗೆಯ ಎರಡು ಬದಿಯಲ್ಲೂ, ಹದಿನಾರು ವರ್ಷ ನನ್ನ ಕಾಲ ಗಿಣ್ಣು ಒತ್ತಿದ ಜಾಗದಲ್ಲಿ, ಮರ ಸವೆದಿತ್ತು.

ಟ್ರೇಯನ್ನು ಮೇಜಿಗೆ ಒರಗಿಸಿಟ್ಟರು.

"ಕಾಲು ಮಡಚ್ಕೊಂಡು ಕೂರ್ತೀರ ನೀವು."

ನಾನು ತಲೆ ತಗ್ಗಿಸಿದೆ.

"ಮೊದಲನೇ ದಿನವೇ ಹೇಳಬಹುದಾಗಿತ್ತಲ್ಲ."

"ಹೆಂಗೆ ಹೇಳ್ಲಿ? ಗಂಡಸಿನ ಮುಂದೆ ಹಂಗೆ ಕೂರೋಕಾಗುತ್ತಾ?"

ಅವರು ಎಡಗೈ ಮೇಲಿನ ಟವಲು ತೆಗೆದು ಬಾಗಿಲಿನ ಮೊಳೆಗೆ ನೇತುಹಾಕಿದರು. ಟೇಪು ಕೈಗೆತ್ತಿಕೊಂಡು, ನನ್ನ ಕಡೆ ಬೆನ್ನು ಮಾಡಿ ನಿಂತರು.

"ನಾನು ಈ ಕಡೆ ತಿರುಗಿರ್ತೀನಿ. ಒಬ್ಬರೇ ಇದೀರಿ ಅಂದ್ಕೊಂಡು ಕೂತ್ಕೊಳ್ಳಿ. ಆದ ಮೇಲೆ ಹೇಳಿ."

ನಾನು ಕುರ್ಚಿ ಹತ್ತಿ ಒಂದು ಕಾಲು ಮಡಚಿದೆ. ಇನ್ನೊಂದು ಮಡಚುವಾಗ ಅಮ್ಮನ ಚಿವುಟು ನೆನಪಾಗಿ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಸೀರೆ ಸರಿ ಮಾಡಿಕೊಂಡೆ. ಎಷ್ಟೋ ತಿಂಗಳ ಮೇಲೆ ಹಗಲಲ್ಲಿ, ಬಾಗಿಲು ತೆರೆದಿದ್ದಾಗ, ನನ್ನ ಭುಜ ಕೆಳಗಿಳಿಯಿತು.

"ತಿರುಗಿ," ಅಂದೆ.

ಅವರು ತಿರುಗಿದರು. ನಗಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಮಂಡಿಯೂರಿ ಟೇಪು ಬಿಡಿಸಿ, ಆ ಎರಡು ಅರ್ಧ ಬೆರಳಲ್ಲಿ ಅದರ ತುದಿ ಹಿಡಿದು, ಮಂಡಿಯಿಂದ ಮಂಡಿಗೆ ಅಳೆದರು. ಈ ಸಲ ಅಳತೆಗೆ ಬೇಕಾದಾಗ ಅವರ ಕೈ ನನ್ನ ಮೊಣಕೈಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ಪಟ್ಟಿ ಎರಡೂ ಆಚೆಗೆ ಹಾಕ್ತೀನಿ. ಕುರ್ಚಿಗೆ ಅಗಲದ ಮಣೆ ಮಾಡ್ಕೊಡ್ತೀನಿ. ಆದ್ರೂ ದಿನಾ ನೋಡ್ತಾ ಇರಬೇಕಾಗುತ್ತೆ."

"ಎಷ್ಟು ದಿನ?"

ಅವರು ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡರು. ಅದು ಎರಡು ಸಲ ಜಾರಿತು. "ನೀವು ಸಾಕು ಅನ್ನೋವರೆಗೆ, ರಜನಿ."

"ನಾನು ಅನ್ನಲ್ಲ," ಅಂದೆ.

ಅಣ್ಣನಿಗೆ ಫೋನ್ ಮಾಡಿ ಟೆಂಪೋ ಬೇಡ ಅಂದೆ. ನೋವು ಹೋಯ್ತಾ ಎಂದು ಕೇಳಿದ. ಇಲ್ಲ, ಯಾಕೆ ಬರುತ್ತೆ ಅಂತ ಗೊತ್ತಾಯ್ತು ಅಂದೆ. ಅವನು, "ಬಡಗಿ ಹೆಸರೇನು?" ಅಂದ. ಶ್ಯಾಮಲಮ್ಮ ಅವನಿಗೂ ಫೋನ್ ಮಾಡಿದ್ದರೆಂದು ಆಗ ತಿಳಿಯಿತು.

ದೀಪಾವಳಿ ಕಳೆದ ಮೇಲೆ ಕೋಲಾರದ ಡಾಕ್ಟರು ಕೈ ಒತ್ತಿ ನೋಡಿ, ಟೈಪಿಂಗ್ ಬಿಡಬೇಕಿಲ್ಲ, ನಡುನಡುವೆ ಬಿಡುವು ಕೊಡಿ ಎಂದರು. ಮಾರನೆಯ ದಿನ ಅಂಗಡಿಗೆ ಬಂದು, ಹೊಸ ಮಣೆಯ ಮೇಲೆ ಕಾಲು ಮಡಚಿ ಕೂತು, ಒಂದು ಮದುವೆ ನೋಂದಣಿ ಅರ್ಜಿ ಟೈಪ್ ಮಾಡಿದೆ. ಅಂಥವು ನೂರಾರು ಮಾಡಿದ್ದೇನೆ. ವರನ ಹೆಸರಿನ ಜಾಗಕ್ಕೆ ಬಂದಾಗ ಬೆರಳು ಸ್ವಲ್ಪ ನಿಂತವು. ಆಮೇಲೆ ಕದಿರೇಶ್ ಎಂದು ಹೊಡೆದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು, ನಾನು ಕಾಲು ಇಳಿಸಲಿಲ್ಲ.

ಅವರು ಒಳಗೆ ಬಂದು ಪರದೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಎಂದಿನಂತೆ ಕೇಳಿದರು, "ನೋವಿದೆಯಾ?"

"ಇದೆ," ಅಂದೆ. "ಬಲಗೈಲಿ, ಕಿರುಬೆರಳ ಕಡೆ. ಸ್ವಲ್ಪ."

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನನ್ನ ಪಕ್ಕದಲ್ಲಿ ಮಂಡಿಯೂರಿದರು.