ಪಕ್ಕದ ಎಲೆ

ಬಾಗಿಲು ಮುಚ್ಚಿತ್ತು. ಒಳಗೆ ಎರಡು ಬಾಳೆ ಎಲೆ, ಎರಡು ಫೋಟೋ, ಧೂಪದ ಹೊಗೆ... ಮಹಾಲಯ ಅಮಾವಾಸ್ಯೆಯ ಎಡೆ ಇಟ್ಟು, ಹೋದವರು ಬಂದು ಉಣ್ಣಲೆಂದು ಪಟಾಲಮ್ಮ ಜಗಲಿಯ ಮೇಲೆ ಕುಳಿತಿದ್ದರು. ಮಲ್ಲತ್ತಹಳ್ಳಿ ಕೆರೆಯ ಗಾಳಿಗೆ ಮಂಪರು ಹತ್ತಿತ್ತು. ಆ ಮಂಪರಿನಲ್ಲೇ ಪೊಲೀಸ್ ವ್ಯಾನು ಬಂದು ನಿಂತಿತು.

ಇಳಿದವನು ಹಿರಿಯ ಮಗ ರಾಜೇಂದ್ರ! ಕಾಡಿನಲ್ಲಿ ಬಂದೂಕು ಹಿಡಿದ ದಳದ ನಾಯಕನಾಗಿದ್ದವನು, ಹದಿನಾರು ವರ್ಷದಿಂದ ಜೈಲಿನಲ್ಲಿರುವವನು. ಅತ್ತೆಯ ಎದೆನೋವು ಹೆಚ್ಚಾಗಿದೆಯೆಂದು ಅವನ ಹೆಂಡತಿ ಶೋಭಾರಾಣಿ ಕೋರ್ಟಿಗೆ ಅಲೆದು ಅಲೆದು ಒಂದು ಗಂಟೆ ಪಡೆದಿದ್ದಳು. ಅತ್ತೆಗೆ ಹೇಳಿರಲಿಲ್ಲ, ಹೇಳಿದ್ದರೆ ಬೇಡವೆನ್ನುತ್ತಿದ್ದರು. ಅಣ್ಣನ ಹಿಂದೆ ಕಾಡು ಸೇರಿದ ಕಿರಿಯವನು ಸುಬ್ರಮಣಿ ಗುಂಡಿಗೆ ಬಲಿಯಾದ ವರ್ಷದಿಂದ ಆ ತಾಯಿ ಇಬ್ಬರಿಗೂ ಎಡೆ ಇಡುತ್ತಿದ್ದರು. ಬದುಕಿರುವ ಗಂಡನ ಫೋಟೋಗೆ ಹಾರ ಬೀಳುವುದನ್ನು ನೋಡಿ ಸೊಸೆ ಪ್ರತಿವರ್ಷ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದಳು. ಎಂಥ ಮನೆಯಪ್ಪಾ ಇದು!

“ಅವ್ವಾ...”

“ಯಾರಪ್ಪ ನೀವು? ಒಳಗೆ ಉಣ್ತಾ ಅವ್ರೆ. ಬಾಗ್ಲು ತೆಗೆಯಂಗಿಲ್ಲ.”

“ಅತ್ತೆ! ಇರೋದೇ ಒಂದು ಗಂಟೆ... ಹೆತ್ತ ಮಗನ್ನ ಯಾರು ಅಂತೀರಲ್ಲ!” ಶೋಭಾರಾಣಿ ಬಿಕ್ಕಿದಳು.

“ನನ್ ಇಬ್ರು ಮಕ್ಳೂ ಒಳಗೆ ಕೂತವ್ರೆ ಕಣೇ.”

ರಾಜೇಂದ್ರ ನೆಲದ ಮೇಲೆ ಕುಸಿದು ಕುಳಿತ.

“ಬರಬೇಡ ಅಂದಿದ್ರೆ ಸುಬ್ಬು ಬರ್ತಿರ್ಲಿಲ್ಲ ಅವ್ವ. ನಾನು ಅನ್ಲಿಲ್ಲ. ತಮ್ಮನೂ ನನ್ನ ಹಿಂದೆ ಬಂದ ಅಂತ ಖುಷಿಪಟ್ಟೆ... ಈಗ ದಿನಾ ಕನಸಲ್ಲಿ ಬಂದು ಹಸಿವು ಅಂತಾನೆ.”

ಪಟಾಲಮ್ಮನ ಕಣ್ಣು ತಟ್ಟನೆ ತೆರೆಯಿತು. “ಹಸಿವು ಅಂತಾನಾ? ವರ್ಷಾ ವರ್ಷಾ ಇಡ್ತೀನಲ್ಲೋ!”

“ಪಕ್ಕದ ಎಲೆ ಖಾಲಿ, ಅಣ್ಣ ಬರ್ದೆ ಹೆಂಗೆ ಉಣ್ಲಿ ಅಂತಾನೆ. ಯಾವ ಎಲೆನೋ ನಂಗೆ ಗೊತ್ತಿಲ್ಲ.”

ಎರಡು ಎಲೆಯ ಸುದ್ದಿ ಜೈಲಿಗೆ ಮುಟ್ಟಿಸಿದವರಾರು? ಪಟಾಲಮ್ಮ ಸೊಸೆಯತ್ತ ನೋಡಿದರು. “ನಾನು ಹೇಳಿಲ್ಲ ಅತ್ತೆ, ದೇವ್ರಾಣೆ...” ಚಿಕ್ಕಂದಿನಲ್ಲೂ ಅಣ್ಣ ಶಾಲೆಯಿಂದ ಬರುವ ತನಕ ಸುಬ್ರಮಣಿ ತಟ್ಟೆ ಮುಟ್ಟುತ್ತಿರಲಿಲ್ಲ. ಪಟಾಲಮ್ಮ ಎದ್ದು ಬಾಗಿಲು ತೆರೆದರು.

ಹಿರಿಯವನ ಫೋಟೋದ ಹಾರ ತೆಗೆದು, ಎಲೆಯ ಅನ್ನವನ್ನು ಪಕ್ಕಕ್ಕೆ ಸರಿಸಿದರು. “ತಣ್ಣಗಾಗೈತೆ. ಬದುಕಿರೋರು ಬಿಸಿ ಉಣ್ಬೇಕು. ಸಾರು ಕಾಯ್ಸೇ ಶೋಭಾ!”

“ಟೈಮ್ ಆಯ್ತಮ್ಮ,” ಎಂದ ಪೊಲೀಸ್ ಅಧಿಕಾರಿ, ಸಾರಿನ ಘಮ ಬಂದ ಮೇಲೆ ಸುಮ್ಮನೆ ಟೋಪಿ ತೆಗೆದು ಜಗಲಿಯ ಮೇಲೆ ಕುಳಿತ. ಮಗನ ಕೈಬೇಡಿ ಬಿಚ್ಚುವಂತಿರಲಿಲ್ಲ. ತಾಯಿಯೇ ಕಲಸಿ ಒಂದು ತುತ್ತು ರಾಜೇಂದ್ರನ ಬಾಯಿಗೆ, ಒಂದು ತುತ್ತು ಸುಬ್ರಮಣಿಯ ಎಲೆಗೆ ಇಡುತ್ತ ಹೋದರು.

ವ್ಯಾನು ಕೆರೆಯ ತಿರುವು ದಾಟಿದ ಮೇಲೆ ಪಟಾಲಮ್ಮ ರಾಜೇಂದ್ರನ ಫೋಟೋದ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿ, ಫೋಟೋವನ್ನು ಸೊಸೆಯ ಕೈಗಿತ್ತರು.

“ಬರೋ ವರ್ಷ ಒಂದೇ ಎಲೆ ತಾ, ಮಗಾ.”