ಖಾಲಿಯಲ್ಲಿ ಚಾಚಿದ ಕೈ

ಗದಗಿನ ತಮ್ಮ ಮನೆಯ ಪಡಸಾಲೆಯಲ್ಲಿ ಎಂಟು ವರ್ಷದ ಇಶಿಕಾ ಬಣಕಾರ ಚಕ್ಕಳಮಕ್ಕಳ ಹಾಕಿ ಕೂತು ಅಲಂಕಾರ ಹಾಡುತ್ತಿದ್ದಳು. ಸರೆಗಮ, ರೆಗಮಪ, ಗಮಪಧ ಎಂದು ಸ್ವರಗಳ ಮೆಟ್ಟಿಲು ಹತ್ತುವ ಪಾಠ ಅದು. ಅವಳ ಕೊರಳಿಗೊಂದು, ಎರಡು ಮಣಿಕಟ್ಟಿಗೆ ಎರಡು ತೆಳ್ಳನೆಯ ಪಟ್ಟಿಗಳಿದ್ದವು. ಅವು ಹಾಡುವುದಿಲ್ಲ, ಮಾತಾಡುವುದೂ ಇಲ್ಲ. ನಾವು ಹಾಡುವಾಗ ಸ್ನಾಯುಗಳಲ್ಲಿ ಸಣ್ಣ ವಿದ್ಯುತ್ ಸಂಕೇತಗಳು ಓಡಾಡುತ್ತವೆ. ಒಬ್ಬ ಒಳ್ಳೆಯ ಗುರುವಿನ ಮೈಯಿಂದ ಆ ಸಂಕೇತಗಳನ್ನು ಹಿಡಿದಿಟ್ಟು, ಮಗುವಿನ ಮೈಗೆ ಮೆಲ್ಲನೆ ಒತ್ತಿ ತಿಳಿಸುವುದಷ್ಟೇ ಅವುಗಳ ಕೆಲಸ. ಬಾಯಿಪಾಠ ಕೇಳಿದ್ದ ಜನ ಇದನ್ನು ಮೈಪಾಠ ಎಂದು ಕರೆದರು. ಮೊದಲು ವರ್ಷಗಟ್ಟಲೆ ಹಿಡಿಯುತ್ತಿದ್ದ ಸ್ವರಜ್ಞಾನ ಈಗ ಒಂದು ಬೇಸಿಗೆ ರಜೆಯಲ್ಲಿ ಬರುತ್ತಿತ್ತು.

ಇಶಿಕಾ ತೀನತಾಲಕ್ಕೆ ಚಪ್ಪಾಳೆ ತಟ್ಟಿಕೊಂಡು ಹಾಡುತ್ತಿದ್ದಳು. ಹದಿನಾರು ಮಾತ್ರೆಗಳ ಈ ತಾಳದಲ್ಲಿ ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತನೆಯದಕ್ಕೆ ಮಾತ್ರ ಚಪ್ಪಾಳೆ ಇಲ್ಲ. ಬಲಗೈಯನ್ನು ಅಂಗಾತ ಮಾಡಿ ಗಾಳಿಯಲ್ಲಿ ಬೀಸಿದರೆ ಆಯಿತು. ಅದಕ್ಕೆ ಖಾಲಿ ಎನ್ನುತ್ತಾರೆ. ಆದರೆ ಖಾಲಿ ಬಂದಾಗ ಹುಡುಗಿಯ ಕೈ ಬೀಸಿ ಹಿಂದಿರುಗಲಿಲ್ಲ. ಬಲಕ್ಕೆ ಉದ್ದ ಚಾಚಿ, ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಕ್ಷಣ ತಡೆದು, ಆಮೇಲೆ ಬಂತು. ಪಕ್ಕದಲ್ಲಿ ಜಮಖಾನೆ ಬಿಟ್ಟರೆ ಏನೂ ಇರಲಿಲ್ಲ.

ಅವಳ ಅಪ್ಪ ಮಾಲತೇಶ ದೂರು ಕೊಟ್ಟ. ವಾಹನಗಳ ಬ್ಯಾಟರಿ ರಿಪೇರಿ ಮಾಡುವವನಾದ್ದರಿಂದ ಯಂತ್ರ ಕೆಟ್ಟಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಬೀದರಿನಿಂದ, ಕಾರವಾರದಿಂದಲೂ ಅದೇ ದೂರು ಬಂತು. ಶಾಲೆಗಳಲ್ಲಿ ಮಾತ್ರ ಯಾರೂ ತಕರಾರು ಎತ್ತಿರಲಿಲ್ಲ. ಅಲ್ಲಿ ಮಕ್ಕಳು ಒತ್ತಿಕೊಂಡು ಕೂರುತ್ತಿದ್ದರು, ಚಾಚಿದ ಕೈಗೆ ಪಕ್ಕದ ಅಂಗೈ ಸಿಗುತ್ತಿತ್ತು. ಮನೆಗಳಲ್ಲಿ ಒಂಟಿಯಾಗಿ ಹಾಡುವಾಗಲೇ ಅದು ಎದ್ದು ಕಾಣುತ್ತಿತ್ತು. ದೋಷ ತೆಗೆಯದಿದ್ದರೆ ಪಟ್ಟಿಗಳನ್ನೇ ವಾಪಸು ತರಿಸುತ್ತೇವೆ ಎಂದು ಪಠ್ಯ ಸಮಿತಿ ಹೇಳಿತು.

ಪಟ್ಟಿಯನ್ನು ಕಂಡುಹಿಡಿದ ಡಾ. ಶಮಾ ನದಾಫ ಧಾರವಾಡದವಳು. ಚಿಕ್ಕಂದಿನಲ್ಲಿ ಶಾಲೆಯ ಪ್ರಾರ್ಥನೆಯಲ್ಲಿ ‘ನೀ ಹಾಡಬ್ಯಾಡ, ಬರೇ ತುಟಿ ಆಡಸು’ ಎಂದು ಹೇಳಿಸಿಕೊಂಡವಳು. ಇನ್ನು ಯಾವ ಮಗುವೂ ಹಾಗೆ ಹೇಳಿಸಿಕೊಳ್ಳಬಾರದೆಂದೇ ಇಷ್ಟೆಲ್ಲ ಮಾಡಿದ್ದಳು. ಅವಳು ಸೀದಾ ನೀಲಾಂಬಿಕಾ ಹೂಗಾರರ ಮನೆಗೆ ಹೋದಳು. ನಿವೃತ್ತ ಸಂಗೀತ ಶಿಕ್ಷಕಿಯಾದ ಅವರ ಮೈಯಿಂದಲೇ ಆ ಪಾಠಗಳನ್ನೆಲ್ಲ ಹಿಡಿದದ್ದು.

ಶಮಾ ಅವರದೇ ವಿಡಿಯೊ ತೋರಿಸಿದಳು. ತೆರೆಯ ಮೇಲೆ ತಮ್ಮ ಕೈ ಬಲಕ್ಕೆ ಚಾಚುವುದನ್ನು ನೀಲಾಂಬಿಕಾ ಕಂಡರು. ಇನ್ನೊಮ್ಮೆ ಹಾಕಲು ಹೇಳಿದರು. ತಾವು ಹೀಗೆ ಮಾಡುವುದು ಅವರಿಗೇ ಗೊತ್ತಿರಲಿಲ್ಲ. ಅವರ ಶಿಷ್ಯರಲ್ಲಿ ಒಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು, ಟೀಚರು ಅಷ್ಟು ಗಟ್ಟಿ.

“ಸಣ್ಣಾಕಿ ಇದ್ದಾಗ ಹಾಡಿನ ಪಾಠಕ್ಕ ನನ್ನ ಬಲಕ್ಕ ಗೆಳತಿ ಕಸ್ತೂರಿ ಕೂಡತಿದ್ಲು,” ಎಂದರು ಅವರು. “ಆಕೀಗೆ ಕಣ್ಣು ಕಾಣ್ತಿರಲಿಲ್ರಿ. ಚಪ್ಪಾಳಿ ಆದ್ರ ಕೇಳ್ತೈತಿ, ಖಾಲಿ ಹೆಂಗ ಕೇಳಬೇಕು? ಅದಕ್ಕ ಆ ಮಾತ್ರೆಗೆ ನಾ ಆಕೀ ಅಂಗೈ ಮುಟ್ಟತಿದ್ದೆ. ಹದಿನಾರನೇ ವಯಸ್ಸಿಗೇ ಜ್ವರ ಬಂದು ಹೋದ್ಲು. ಆಕಿ ಇಲ್ಲ ಅಂತ ನನ್ನ ಕೈಗೆ ಯಾರೂ ಹೇಳೇ ಇಲ್ಲ ನೋಡ್ರಿ.”

ಕಣ್ಣು ಒರೆಸಿಕೊಂಡು ನೀಲಾಂಬಿಕಾ ಮತ್ತೆ ಟೀಚರಾದರು. ತಮ್ಮ ಚಟವನ್ನು ಊರ ಮಕ್ಕಳಿಗೆಲ್ಲ ಹತ್ತಿಸಿದಂತಾಯಿತು, ತೆಗೆದುಬಿಡಿ ಎಂದರು. ತೆಗೆಯುವುದು ಅರ್ಧ ದಿನದ ಕೆಲಸ. ಶಮಾಗೆ ಮನಸ್ಸಿರಲಿಲ್ಲ. ಆದರೆ ಆ ಚಲನೆ ತೆಗೆದು ಪರೀಕ್ಷೆಗೆಂದು ಮಾಡಿದ ಹೊಸ ಪಟ್ಟಿಯಿಂದ ಕಲಿತ ಮಕ್ಕಳ ಸ್ವರವೂ ಲಯವೂ ಎಷ್ಟು ಅಳೆದರೂ ಮೊದಲಿನಷ್ಟೇ ಶುದ್ಧವಾಗಿದ್ದವು. ಚಾಚಿದ ಕೈಯನ್ನು ಉಳಿಸಿಕೊಳ್ಳಲು ಅವಳ ಬಳಿ ವಿಜ್ಞಾನದ ಒಂದು ಕಾರಣವೂ ಇರಲಿಲ್ಲ. ಅಳಿಸಿದಳು.

ಮರುವರ್ಷ ಗದಗಿನ ಶಾಲೆಯೊಂದರಲ್ಲಿ ಹೊಸ ಪಟ್ಟಿಯ ತರಗತಿ ನೋಡಲು ಶಮಾ ನೀಲಾಂಬಿಕಾರನ್ನು ಕರೆದುಕೊಂಡು ಹೋದಳು. ಈ ವರ್ಷ ಸೇರಿದ ಚಿಕ್ಕ ಮಕ್ಕಳು ಒಂದೇ ಸಾಲಿನಲ್ಲಿ ಕೂತಿದ್ದರು. ಹಳೆಯ ಪಟ್ಟಿಯನ್ನು ಒಬ್ಬರೂ ಕಟ್ಟಿದವರಲ್ಲ. ಹಾಡು ಶುರುವಾಯಿತು. ಒಂದಕ್ಕೆ ಚಪ್ಪಾಳೆ, ಐದಕ್ಕೆ ಚಪ್ಪಾಳೆ. ಖಾಲಿ ಬಂದಾಗ ಅಷ್ಟೂ ಕೈಗಳು ಬಲಕ್ಕೆ ಚಾಚಿ ಪಕ್ಕದ ಅಂಗೈ ಮುಟ್ಟಿದವು.

ಶಮಾ ಗಾಬರಿಯಿಂದ ಪಟ್ಟಿಗಳನ್ನು ಅಲ್ಲೇ ಪರೀಕ್ಷಿಸಿದಳು. ಅವುಗಳಲ್ಲಿ ಆ ಚಲನೆ ಇರಲಿಲ್ಲ. ಯಾರು ಕಲಿಸಿದರು ಎಂದು ಒಬ್ಬ ಹುಡುಗಿಯನ್ನು ಕೇಳಿದಳು.

“ಯಾರೂ ಕಲಸಿಲ್ರಿ,” ಎಂದಳು ಹುಡುಗಿ. “ಮ್ಯಾಲಿನ ಕ್ಲಾಸಿನವರು ಹಂಗ ಮಾಡ್ತಾರ. ಖಾಲಿ ಅಂದ್ರ ಹಂಗ ಅಲ್ಲೇನ್ರಿ?”

ಅಷ್ಟರಲ್ಲಿ ಹಾಡು ಮತ್ತೆ ಎದ್ದಿತು. ಸಾಲಿನ ಬಲತುದಿಯಲ್ಲಿ ಒಬ್ಬ ಪುಟ್ಟ ಹುಡುಗನ ಆಚೆ ಯಾರೂ ಇರಲಿಲ್ಲ. ನೀಲಾಂಬಿಕಾ ಗೋಡೆ ಹಿಡಿದು, ಮೊಣಕಾಲನ್ನು ಬೈದುಕೊಳ್ಳುತ್ತ, ಅವನ ಪಕ್ಕ ನೆಲಕ್ಕೆ ಕೂತರು. ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಜನ್ಮದಲ್ಲಿ ಮೊದಲ ಸಲ, ಖಾಲಿಯ ಹೊತ್ತಿಗೆ ಅವರ ಅಂಗೈಗೆ ಇನ್ನೊಂದು ಕೈ ಬಂತು.

ಇದೆಲ್ಲ ನಡೆಯಲು ಇನ್ನೂ ಕೆಲವು ದಶಕಗಳು ಬೇಕು. ನಮ್ಮ ಕಾಲದ ಮಕ್ಕಳು ಸದ್ಯಕ್ಕೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲ್ ಮುಂದೆ ಕೂತು ಸರಿಗಮ ಕಲಿಯುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಅಂಥದೊಂದು ಮಗು ಇದ್ದರೆ, ಈ ಪುಸ್ತಕವನ್ನು ಬದಿಗಿಟ್ಟು ಒಮ್ಮೆ ಎದ್ದು ಹೋಗಿ, ಅದರ ಪಕ್ಕದಲ್ಲಿ ಯಾರಾದರೂ ಕೂತಿದ್ದಾರೆಯೇ ನೋಡಿ.